ಅಂಗಡಿ ಬಾಟಲಿ, ಮನೆ ಬಾಟಲಿ: ಇಟಲಿಯ ಟೊಮೆಟೊ ಸಾಸ್ ಬಂದ ದಾರಿ

ನಮ್ಮ ಕಡೆ ಟೊಮೆಟೊ ರೇಟ್ ಬಿದ್ದಾಗಲೆಲ್ಲ ಒಂದು ಮಾತು ಎದ್ದು ಬರುತ್ತದೆ. ಕೋಲಾರದ ಮಂಡಿಗೆ ಒಯ್ದ ಬಾಕ್ಸ್‌ಗೆ ಟೆಂಪೋ ಬಾಡಿಗೆಯೂ ಹುಟ್ಟದೆ, ಹಣ್ಣನ್ನು ರಸ್ತೆ ಪಕ್ಕ ಸುರಿದು ಬಂದ ಸಂಜೆ, ಅರಳಿಕಟ್ಟೆ ಮೇಲೆ ಕೂತವರಲ್ಲಿ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: "ಇಲ್ಲೊಂದು ಸಾಸ್ ಫ್ಯಾಕ್ಟರಿ ಆಗಿದ್ದಿದ್ರೆ ನಮಗೀ ಗತಿ ಬರ್ತಿರಲಿಲ್ಲ." 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿದಾಗ ಈ ಮಾತು ಯಾರ ಬಾಯಲ್ಲೂ ಇರಲಿಲ್ಲ. ರೇಟ್ ಇಳಿದ ಮೇಲೆ ತಾನಾಗಿ ವಾಪಸ್ ಬಂತು.

ಇನ್ನೊಂದು ಮಾತು ನಮ್ಮ ಮನೆಯದು. ಅಕ್ಕನ ಮಗಳು ರಜೆಗೆ ಬಂದಾಗ ಪಾಸ್ತಾ ಮಾಡ್ತೀನಿ ಅಂತ ಹೊರಟಳು. ಪಾಸ್ತಾ ಪೊಟ್ಟಣ ಈಗ ಊರಿನ ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕೆ ಹಾಕುವ ಕೆಂಪು ಸಾಸ್ ಬಾಟಲಿ ತರೋಕೆ ಮಾತ್ರ ತಾಲ್ಲೂಕಿಗೆ ಹೋಗಬೇಕಂತೆ. ಅಮ್ಮ ತಡೆದರು: "ಹೊಲದಾಗೆ ಹಣ್ಣು ಕೊಳೀತಾ ಬಿದ್ದೈತೆ. ಅದರ ರಸಕ್ಕೇ ದುಡ್ಡು ಕೊಟ್ಟು ತರ್ತೀಯಾ?"

ಈ ಎರಡೂ ಮಾತು ಇಟಲಿ ದೇಶದಲ್ಲಿ ನೂರೈವತ್ತು ವರ್ಷದಿಂದ ನಡೆಯುತ್ತಾ ಬಂದಿವೆ. ಅಲ್ಲಿನ ರೈತರು ಫ್ಯಾಕ್ಟರಿಯನ್ನೂ ಕಂಡಿದ್ದಾರೆ, ಮನೆ ಬಾಟಲಿಯನ್ನೂ ಬಿಟ್ಟಿಲ್ಲ. ಹೇಗೆ ಅಂತ ನೋಡೋಣ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಬಿಡೋಣ. ಟೊಮೆಟೊ ಇಟಲಿಯದಲ್ಲ. ಅದು ಅಮೆರಿಕ ಖಂಡದ ಗಿಡ. ಮೆಕ್ಸಿಕೋದ ಮೂಲನಿವಾಸಿಗಳು ಅದನ್ನು 'ಟೊಮಾಟ್ಲ್' ಅನ್ನುತ್ತಿದ್ದರು. ಸ್ಪೇನಿನವರು ಆ ನೆಲ ಗೆದ್ದ ಮೇಲೆ ಅದು ಯೂರೋಪಿಗೆ ಬಂತು. 1548ರ ಅಕ್ಟೋಬರ್ ಕೊನೆಯಲ್ಲಿ ಪೀಸಾ ನಗರದಲ್ಲಿದ್ದ ಅರಸ ಕೊಸಿಮೊ ಮೆಡಿಚಿಯ ಮನೆಗೆ ಒಂದು ಬುಟ್ಟಿ ಟೊಮೆಟೊ ಬಂದದ್ದಕ್ಕೆ ದಾಖಲೆ ಇದೆ. ತಿಂದವರು ಕಡಿಮೆ. ವಿಷದ ಗಿಡಗಳ ಕುಲದ್ದು ಅಂತ ಭಯ. ಬಹಳ ಕಾಲ ಅದು ನೋಡುವ ಹಣ್ಣಾಗಿಯೇ ಉಳಿಯಿತು.

ಅಡುಗೆ ಪುಸ್ತಕದಲ್ಲಿ ಟೊಮೆಟೊ ಸಾಸ್ ಕಾಣಿಸಿಕೊಂಡದ್ದು 1690ರ ದಶಕದಲ್ಲಿ, ನೇಪಲ್ಸ್ ನಗರದಲ್ಲಿ. ದೊಡ್ಡ ಮನೆಯೊಂದರ ಊಟದ ಉಸ್ತುವಾರಿ ನೋಡುತ್ತಿದ್ದ ಅಂತೋನಿಯೊ ಲಾತಿನಿ ಬರೆದ ಪುಸ್ತಕ ಅದು. ಅವನ ವಿಧಾನ ಕೇಳಿದರೆ ನಿಮಗೆ ನಗು ಬರಬಹುದು. ಹಣ್ಣನ್ನು ಕೆಂಡದಲ್ಲಿ ಸುಡು, ಸಿಪ್ಪೆ ಸುಲಿ, ಸಣ್ಣಗೆ ಹೆಚ್ಚು, ಈರುಳ್ಳಿ, ಮೆಣಸಿನಕಾಯಿ, ಉಪ್ಪು, ಎಣ್ಣೆ, ಹುಳಿಗೆ ಸ್ವಲ್ಪ ವಿನೆಗರ್, ಜೊತೆಗೆ ಒಂದು ಸುವಾಸನೆಯ ಸೊಪ್ಪು. ನಾವು ಒಲೆಯಲ್ಲಿ ಟೊಮೆಟೊ ಸುಟ್ಟು ಕಿವುಚಿ ಮಾಡುವ ಗೊಜ್ಜು ಇದಕ್ಕೆ ಬಹಳ ದೂರವೇನಲ್ಲ. ಅದಕ್ಕೆ ಅವನಿಟ್ಟ ಹೆಸರು 'ಸ್ಪೇನ್ ರೀತಿಯ ಟೊಮೆಟೊ ಸಾಸ್'. ಪಾಸ್ತಾಗೆ ಹಾಕು ಅಂತ ಅವನು ಎಲ್ಲೂ ಹೇಳಿಲ್ಲ. ಆಗ ಪಾಸ್ತಾ ತಿನ್ನುತ್ತಿದ್ದದ್ದು ತುರಿದ ಚೀಸ್ ಉದುರಿಸಿಕೊಂಡು. ನೇಪಲ್ಸಿನ ಬೀದಿಯಲ್ಲಿ ಬಡವರು ಅದನ್ನು ಕೈಯಲ್ಲೇ ಎತ್ತಿ ಬಾಯಿಗೆ ಇಳಿಸುತ್ತಿದ್ದರು.

ಪಾಸ್ತಾಗೂ ಟೊಮೆಟೊಗೂ ಗಟ್ಟಿ ನಂಟು ಬೆಳೆದದ್ದು 19ನೇ ಶತಮಾನದಲ್ಲಿ. ಇಪ್ಪೊಲಿತೊ ಕವಲ್ಕಾಂತಿ ಎಂಬ ಜಮೀನ್ದಾರ ನೇಪಲ್ಸಿನ ಆಡುಮಾತಿನಲ್ಲಿ ಬರೆದು 1839ರಲ್ಲಿ ತನ್ನ ಪುಸ್ತಕಕ್ಕೆ ಸೇರಿಸಿದ ಅಡುಗೆಗಳಲ್ಲಿ ಶಾವಿಗೆಯಂಥ ವರ್ಮಿಚೆಲ್ಲಿಗೆ ಟೊಮೆಟೊ ಬೆರೆಸುವುದು ಬರುತ್ತದೆ. ಅಂದರೆ 'ಅನಾದಿ ಕಾಲದ ಇಟಲಿ ಊಟ' ಅಂತ ಜಗತ್ತು ನಂಬಿರುವ ಈ ಜೋಡಿಗೆ ಇನ್ನೂರು ವರ್ಷದ ಆಸುಪಾಸಿನ ವಯಸ್ಸು ಅಷ್ಟೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಟೊಮೆಟೊ ಎಲ್ಲಾ ಕಡೆ ಒಂದೇ ಸಲ ಹಣ್ಣಾಗುತ್ತದೆ, ಒಂದೇ ವಾರದಲ್ಲಿ ಕೊಳೆಯುತ್ತದೆ. ಇಟಲಿಯ ಬಯಲಿನಲ್ಲಿ ಅದು ಆಗಸ್ಟ್ ತಿಂಗಳು. ಚಳಿಗಾಲ ಬಂದರೆ ಗಿಡವೇ ಇಲ್ಲ. ಹಾಗಾಗಿ ವರ್ಷವಿಡೀ ಸಾಸ್ ಬೇಕು ಅಂದರೆ ಆಗಸ್ಟಿನ ಹಣ್ಣನ್ನು ಏನಾದರೂ ಮಾಡಿ ಉಳಿಸಬೇಕು.

ಸಿಸಿಲಿ ದ್ವೀಪದ ಹೆಂಗಸರು ಉಳಿಸಿದ್ದು ಬಿಸಿಲಿನಿಂದ. ಹಣ್ಣು ಬೇಯಿಸಿ, ಸಿಪ್ಪೆ ಬೀಜ ಸೋಸಿ, ಉಪ್ಪು ಬೆರೆಸಿ, ಅಗಲವಾದ ಮರದ ಹಲಗೆ ಮೇಲೆ ಹರಡುತ್ತಾರೆ. ಹಗಲೆಲ್ಲ ಕೈಯಲ್ಲಿ ಕೆದಕುತ್ತಾ ಕೂರುತ್ತಾರೆ. ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ತರುತ್ತಾರೆ, ಬೆಳಿಗ್ಗೆ ಮತ್ತೆ ಬಿಸಿಲಿಗೆ. ಕೆಲವು ದಿನ ಹೀಗೆ ಒಣಗಿದ ಮೇಲೆ ಹಲಗೆ ತುಂಬಾ ಇದ್ದದ್ದು ಒಂದು ಮುದ್ದೆಗೆ ಇಳಿದಿರುತ್ತದೆ. ಗಾಢ ಕೆಂಪು, ಜೇಡಿಮಣ್ಣಿನಷ್ಟು ಗಟ್ಟಿ. ಅದನ್ನು 'ಸ್ಟ್ರಾತ್ತು' ಅನ್ನುತ್ತಾರೆ. ಮಾಳಿಗೆ ಮೇಲೆ ಸಂಡಿಗೆ ಹಾಕಿ ಕಾಗೆ ಕಾದವರಿಗೆ ಆ ಕೆಲಸದ ಬೇಸರ ಬಿಡಿಸಿ ಹೇಳಬೇಕಿಲ್ಲ.

ಉತ್ತರದ ಪಾರ್ಮಾ ಸೀಮೆಯಲ್ಲೂ ಇದೇ ಕೆಲಸ. ಅಲ್ಲಿ ಬಟ್ಟೆಯಲ್ಲಿ ಸೋಸಿ, ಕುದಿಸಿ, ಒಣಗಿಸಿ ಬೆಲ್ಲದಚ್ಚಿನ ಹಾಗೆ ಮಾಡಿ ಎಣ್ಣೆ ಕಾಗದದಲ್ಲಿ ಸುತ್ತಿಡುತ್ತಿದ್ದರು. ಬಣ್ಣ ಕಪ್ಪಗಾಗುತ್ತಿತ್ತು. 'ಕಪ್ಪು ಕನ್ಸರ್ವ' ಅಂತಲೇ ಅದಕ್ಕೆ ಹೆಸರು. 19ನೇ ಶತಮಾನದ ಉತ್ತರಾರ್ಧದಲ್ಲಿ ಕಾರ್ಲೊ ರೊನ್ಯೋನಿ ಎಂಬ ಕೃಷಿ ತಜ್ಞ ಇದರಲ್ಲಿ ರೈತನಿಗೆ ಕಾಸು ಕಂಡ. ಗೋಧಿ, ಮುಸುಕಿನ ಜೋಳದ ಜೊತೆ ಸರದಿಯಲ್ಲಿ ಟೊಮೆಟೊ ಹಾಕಿ ಅಂತ ಪಾರ್ಮಾದವರಿಗೆ ಹೇಳಿಕೊಟ್ಟ. ಆಮೇಲೆ ಹೊಲದ ಪಕ್ಕದಲ್ಲೇ ಸಣ್ಣ ಸಣ್ಣ ಕುದಿಸುವ ಘಟಕಗಳು ಎದ್ದವು. ನಮ್ಮ ಆಲೆಮನೆ ನೆನಪಿಸಿಕೊಳ್ಳಿ. ಕಬ್ಬಿನ ಬದಲು ಟೊಮೆಟೊ.

ಗಮನಿಸಿ, ಇಟಲಿಯ ಈ ಮೂಲೆಯಲ್ಲಿ ಸಾಸ್ ಫ್ಯಾಕ್ಟರಿ ಎಲ್ಲಿಂದಲೋ ಇಳಿದು ಬರಲಿಲ್ಲ. ಹೆಂಗಸರ ಬಾಣಲೆಯೇ ಬೆಳೆದು ದೊಡ್ಡದಾಯಿತು. 20ನೇ ಶತಮಾನದ ಆರಂಭದಲ್ಲಿ ಗಾಳಿ ಹೀರಿ ತೆಗೆದ ಮುಚ್ಚಿದ ಪಾತ್ರೆಗಳು ಬಂದವು. ಗಾಳಿಯ ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಹಾಗಾಗಿ ರಸ ಗಟ್ಟಿಯಾದರೂ ಸೀಯುವುದಿಲ್ಲ, ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಕಪ್ಪು ಅಚ್ಚಿನ ಕಾಲ ಅಲ್ಲಿಗೆ ಮುಗಿಯಿತು. ಅಂಥ ಪಾತ್ರೆ ಕೊಳ್ಳುವ ಶಕ್ತಿ ಇಲ್ಲದ ಸಣ್ಣ ಘಟಕಗಳ ಕಾಲವೂ ಮುಗಿಯುತ್ತಾ ಬಂತು. 1922ರಲ್ಲಿ ಪಾರ್ಮಾದಲ್ಲಿ ಆಹಾರ ಸಂರಕ್ಷಣೆಗೆಂದೇ ಸರ್ಕಾರಿ ಪ್ರಯೋಗಾಲಯ ಶುರುವಾಯಿತು. ಅಲ್ಲಿಯ ಮುತ್ತಿ ಕಂಪನಿ 1951ರಲ್ಲಿ ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಟೊಮೆಟೊ ಪೇಸ್ಟ್ ತಂದಿತು. ಅದರ ಮುಚ್ಚಳವನ್ನು ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿಕೊಳ್ಳಬಹುದಿತ್ತು. ಪೇಸ್ಟ್ ಮುಗಿದರೂ ಮುಚ್ಚಳ ಮನೆಯಲ್ಲೇ ಉಳಿಯುತ್ತಿತ್ತು. ಗೃಹಿಣಿಯನ್ನು ಬಲ್ಲವನೇ ಮಾಡಿದ ವ್ಯಾಪಾರ ಅದು!

ದಕ್ಷಿಣದ ಕಥೆ ಬೇರೆ. ಅಲ್ಲಿ ಗೆದ್ದದ್ದು ಡಬ್ಬಿ. ಇದರ ಮೂಲ ಫ್ರಾನ್ಸ್‌ನಲ್ಲಿದೆ. ನಿಕೊಲಾ ಅಪೇರ್ ಎಂಬ ಮಿಠಾಯಿ ಮಾಡುವವನು ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಬಾಟಲಿ ಸಮೇತ ನೀರಲ್ಲಿ ಕುದಿಸಿದರೆ ಕೆಡುವುದಿಲ್ಲ ಅಂತ ತೋರಿಸಿ 1810ರಲ್ಲಿ ಪುಸ್ತಕ ಬರೆದ. ಯಾಕೆ ಕೆಡುವುದಿಲ್ಲ ಅಂತ ಅವನಿಗೂ ಗೊತ್ತಿರಲಿಲ್ಲ. ಸೂಕ್ಷ್ಮಜೀವಿಗಳ ವಿಷಯ ಪಾಶ್ಚರ್ ಬಿಡಿಸಿದ್ದು ಆಮೇಲೆ. ಇಟಲಿಯಲ್ಲಿ ಫ್ರಾಂಚೆಸ್ಕೊ ಚಿರಿಯೊ ಎಂಬ ಹುಡುಗ 1856ರಲ್ಲಿ ತುರೀನ್ ನಗರದಲ್ಲಿ ಇದೇ ವಿಧಾನದಿಂದ ಬಟಾಣಿ ಡಬ್ಬಿ ಮಾಡಿ ಮಾರತೊಡಗಿದ. ಆಗವನಿಗೆ ಸುಮಾರು 20 ವರ್ಷ. ಇಟಲಿ ಒಂದು ದೇಶವಾದ ಮೇಲೆ ದಕ್ಷಿಣಕ್ಕೆ ಇಳಿದ. ವಿಸೂವಿಯಸ್ ಜ್ವಾಲಾಮುಖಿಯ ಬೂದಿ ಬಿದ್ದ ಮಣ್ಣಿನಲ್ಲಿ ಟೊಮೆಟೊ ಚೆನ್ನಾಗಿ ಬರುತ್ತಿತ್ತು. ಅಲ್ಲಿನ ಸಾನ್ ಮರ್ಜಾನೊ ಊರಿನ ಹೆಸರಿನ ತಳಿ ಡಬ್ಬಿಗೆ ಹೇಳಿ ಮಾಡಿಸಿದ ಹಾಗಿತ್ತು: ಉದ್ದ, ಬೀಜ ಕಡಿಮೆ, ಸಿಪ್ಪೆ ಸಲೀಸಾಗಿ ಸುಲಿಯುತ್ತದೆ.

ಈ ಡಬ್ಬಿಗಳು ಹಡಗು ಹತ್ತಿ ಹೋದದ್ದು ಅಮೆರಿಕಕ್ಕೆ. 1880ರಿಂದ 1920ರ ದಶಕದೊಳಗೆ ಸುಮಾರು 40 ಲಕ್ಷ ಇಟಲಿಯವರು ಅಮೆರಿಕ ಸೇರಿದ್ದರು. ಹೆಚ್ಚಿನವರು ದಕ್ಷಿಣದ ಬಡವರು. ಊರಲ್ಲಿದ್ದಾಗ ಹಬ್ಬಕ್ಕೂ ಸರಿಯಾಗಿ ಕಾಣದ ಮಾಂಸ, ಪಾಸ್ತಾ, ಡಬ್ಬಿ ಟೊಮೆಟೊ ಎಲ್ಲ ಅಲ್ಲಿ ಕೂಲಿಯ ದುಡ್ಡಿಗೆ ಎಟುಕಿದವು. ಭಾನುವಾರ ಬೆಳಿಗ್ಗೆಯಿಂದ ಒಲೆ ಮೇಲೆ ಕುದಿಯುವ ಮಾಂಸದ ಸಾಸ್ ಅವರ ಗುರುತಾಯಿತು. 'ನಮ್ಮಜ್ಜಿ ಮಾಡುತ್ತಿದ್ದ ಸಾಸ್' ಅಂತ ಅವರ ಮೊಮ್ಮಕ್ಕಳು ಹೇಳುವುದು ಬಹುಪಾಲು ಇದನ್ನೇ. ಅಜ್ಜಿ ಅದನ್ನು ಶುರು ಮಾಡುತ್ತಿದ್ದದ್ದು ಡಬ್ಬಿ ಒಡೆದು.

ಸಿದ್ಧ ಸಾಸ್ ಹುಟ್ಟಿದ್ದೂ ಈ ವಲಸೆಗಾರರ ಅಡುಗೆಮನೆಯಲ್ಲೇ. ಎತ್ತೊರೆ ಬೊಯಾರ್ದಿ ಎಂಬ ಅಡುಗೆಯವನು ಕ್ಲೀವ್‌ಲ್ಯಾಂಡ್ ನಗರದಲ್ಲಿ ಹೋಟೆಲ್ ಇಟ್ಟ. ಊಟ ಮಾಡಿದವರು ಮನೆಗೂ ಸ್ವಲ್ಪ ಸಾಸ್ ಕೊಡಪ್ಪಾ ಅನ್ನತೊಡಗಿದರು. ಹಾಲಿನ ಬಾಟಲಿಗೆ ತುಂಬಿ ಕೊಟ್ಟ. ಕೇಳುವವರು ಹೆಚ್ಚಾಗಿ 1928ರಲ್ಲಿ ಫ್ಯಾಕ್ಟರಿ ಹಾಕಿದ. ಅಮೆರಿಕದವರಿಗೆ ಹೆಸರು ಕರೆಯಲು ಬಾರದೆ ಡಬ್ಬಿ ಮೇಲೆ 'ಬೊಯ್-ಆರ್-ಡೀ' ಅಂತ ಬಿಡಿಸಿ ಬರೆಸಿದ. ಎರಡನೇ ಮಹಾಯುದ್ಧದಲ್ಲಿ ಅವನ ಫ್ಯಾಕ್ಟರಿ ಸೈನಿಕರಿಗೆ ಊಟ ಕಟ್ಟಿತು. ಯುದ್ಧ ಮುಗಿದ ಮೇಲೆ ಕಂಪನಿ ಮಾರಿಬಿಟ್ಟ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಜೊವಾನ್ನಿ ಮತ್ತು ಅಸ್ಸುಂತಾ ಕಂತಿಸಾನೊ ದಂಪತಿ 1937ರಲ್ಲಿ ಮನೆಯಲ್ಲೇ ಮಾಡಿ ಮಾರಲು ಶುರು ಮಾಡಿದ ಸಾಸ್ 'ರಾಗು'. ಅದು ಕೈಯಿಂದ ಕೈಗೆ ದಾಟಿ ಈಗ ಜಪಾನಿನ ಕಂಪನಿಯೊಂದರ ಆಸ್ತಿ. ಬಾಟಲಿಯ ಮೇಲೆ ಇಟಲಿ, ದುಡ್ಡು ಹೋಗುವುದು ಜಪಾನಿಗೆ.

ಹಣ್ಣೂ ಬದಲಾಯಿತು. 1964ರಲ್ಲಿ ಮೆಕ್ಸಿಕೋದ ಕೂಲಿಯವರನ್ನು ಕರೆಸುವ ವ್ಯವಸ್ಥೆ ನಿಂತಾಗ ಕ್ಯಾಲಿಫೋರ್ನಿಯಾದ ರೈತರು ಯಂತ್ರಕ್ಕೆ ತಿರುಗಿದರು. ಅಲ್ಲಿನ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಒಬ್ಬರು ಯಂತ್ರ ಮಾಡಿದರು, ಇನ್ನೊಬ್ಬರು ಯಂತ್ರದ ಏಟು ತಡೆಯುವ, ಎಲ್ಲ ಒಟ್ಟಿಗೇ ಹಣ್ಣಾಗುವ ಗಟ್ಟಿ ಟೊಮೆಟೊ ತಳಿ ಮಾಡಿದರು. ಐದೇ ವರ್ಷದಲ್ಲಿ ಅಲ್ಲಿ ಸಾಸ್ ಟೊಮೆಟೊವನ್ನು ಕೈಯಲ್ಲಿ ಕೀಳುವವರೇ ಇಲ್ಲವಾದರು. ದೆಹಲಿಗೆ ಹೋಗುವ ಲಾರಿ ತಡೆಯಲಿ ಅಂತ ದಪ್ಪ ಸಿಪ್ಪೆಯ ಹೈಬ್ರಿಡ್ ಹಾಕುವ ನಮಗೆ ಈ ಲೆಕ್ಕ ಅರ್ಥವಾಗುತ್ತದೆ. ರುಚಿ ಆ ಲೆಕ್ಕದಲ್ಲಿ ಕೊನೆಗೆ ಬರುತ್ತದೆ. ಇಟಲಿಯ ಸಾನ್ ಮರ್ಜಾನೊ ತಳಿಗೂ ವೈರಸ್ ರೋಗ ಬಿದ್ದು, ಹೈಬ್ರಿಡ್ ಪೈಪೋಟಿ ಬಂದು, 1980ರ ದಶಕದ ಹೊತ್ತಿಗೆ ಅದು ಹೆಚ್ಚುಕಡಿಮೆ ಇಲ್ಲವಾಗಿತ್ತು. ಬೀಜ ಹುಡುಕಿ ಉಳಿಸಿದರು. 1996ರಲ್ಲಿ ನಮ್ಮ ಜಿಐ ಟ್ಯಾಗ್‌ನಂಥ ರಕ್ಷಣೆ ಸಿಕ್ಕಿತು.

ಇಷ್ಟೆಲ್ಲ ಫ್ಯಾಕ್ಟರಿ ಬಂದ ಮೇಲೂ ದಕ್ಷಿಣ ಇಟಲಿಯ ಮನೆಗಳು ಆಗಸ್ಟಿನಲ್ಲಿ ಸಾಸ್ ಮಾಡುವುದನ್ನು ಬಿಡಲಿಲ್ಲ. ಅದಕ್ಕೆ ಅವರು 'ಬಾಟಲಿ ಮಾಡುವುದು' ಅಂತಲೇ ಹೇಳುತ್ತಾರೆ. ಆಗಸ್ಟ್ 15ರ ಹಬ್ಬದ ಆಚೀಚೆ ಒಂದು ದಿನ ಗೊತ್ತು ಮಾಡುತ್ತಾರೆ. ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೆಲ್ಲ ಸೇರುತ್ತಾರೆ. ಕ್ವಿಂಟಾಲ್ ಲೆಕ್ಕದಲ್ಲಿ ಹಣ್ಣು ತೊಳೆದು, ಕೆಟ್ಟದ್ದು ಆರಿಸಿ, ಸ್ವಲ್ಪ ಬೇಯಿಸಿ, ಹಿಡಿ ತಿರುಗಿಸುವ ಯಂತ್ರಕ್ಕೆ ಹಾಕುತ್ತಾರೆ. ಒಂದು ಕಡೆ ರಸ, ಇನ್ನೊಂದು ಕಡೆ ಸಿಪ್ಪೆ ಬೀಜ. ಆ ಸಿಪ್ಪೆಯನ್ನು ಮತ್ತೊಂದು ಸಲ ಯಂತ್ರಕ್ಕೆ ಹಾಕದೆ ಬಿಡುವುದಿಲ್ಲ. ವರ್ಷವಿಡೀ ಕೂಡಿಟ್ಟ ಬಿಯರ್ ಬಾಟಲಿಗಳಿಗೆ ಒಂದೊಂದು ಕಾಮಕಸ್ತೂರಿ ಎಲೆ ಹಾಕಿ ರಸ ತುಂಬಿ, ಸೋಡಾ ಬಾಟಲಿಗಿರುವಂಥ ತಗಡಿನ ಮುಚ್ಚಳ ಒತ್ತುತ್ತಾರೆ. ಆಮೇಲೆ ಅಂಗಳದಲ್ಲಿ ದೊಡ್ಡ ಡ್ರಮ್. ಬಾಟಲಿಗೆ ಬಾಟಲಿ ತಾಗಿ ಒಡೆಯದಂತೆ ನಡುವೆ ಹಳೇ ಬಟ್ಟೆ, ಗೋಣಿ ತುರುಕಿ, ನೀರು ತುಂಬಿ, ಕೆಳಗೆ ಸೌದೆ ಉರಿ. ಕುದಿ ಬಂದ ಮೇಲೂ ಒಂದಷ್ಟು ಹೊತ್ತು ಉರಿಸಿ, ಆ ನೀರಲ್ಲೇ ರಾತ್ರಿಯೆಲ್ಲ ತಣಿಯಲು ಬಿಡುತ್ತಾರೆ. ಬೆಳಿಗ್ಗೆ ಎತ್ತಿ ಎಣಿಸುವಾಗ ಎರಡು ಮೂರು ಒಡೆದಿದ್ದರೆ ಮನೆಯವರ ಮುಖ ಸಣ್ಣದಾಗುತ್ತದೆ.

ನೋಡಿ, ಇದು ಅಪೇರ್ ಹೇಳಿಕೊಟ್ಟದ್ದೇ. ಆ ತಗಡಿನ ಮುಚ್ಚಳ ಅಮೆರಿಕದಲ್ಲಿ 1892ರಲ್ಲಿ ಪೇಟೆಂಟ್ ಆದದ್ದು. ಬಾಟಲಿ ಬಿಯರ್ ಕಂಪನಿಯದು. ಅಜ್ಜಿಯ ಸಾಸ್ ಅಂತ ನಾವು ಕೈ ಮುಗಿಯುವ ವಿಧಾನ ಅರ್ಧ ಫ್ಯಾಕ್ಟರಿಯಿಂದಲೇ ಮನೆಗೆ ಬಂದದ್ದು. ಪಾರ್ಮಾದ ಫ್ಯಾಕ್ಟರಿ ಕಲಿತದ್ದು ಹೆಂಗಸರ ಬಾಣಲೆಯಿಂದ. ಮನೆ ಶುದ್ಧ, ಅಂಗಡಿ ಕಲಬೆರಕೆ ಅಂತ ಗೆರೆ ಎಳೆಯಲು ನನಗೆ ಮನಸ್ಸು ಬರುವುದಿಲ್ಲ. ಬರೀ ರುಚಿಯ ಮಾತಾದರೆ, ಆಗಸ್ಟಿನ ಹಣ್ಣು ತುಂಬಿದ ಒಳ್ಳೇ ಡಬ್ಬಿ ಚಳಿಗಾಲದ ಸಪ್ಪೆ ಹಣ್ಣಿಗಿಂತ ಎಷ್ಟೋ ಮೇಲು. ಇಟಲಿಯ ಅಮ್ಮಂದಿರೂ ಡಬ್ಬಿ ತರುತ್ತಾರೆ, ನಾಚಿಕೆ ಪಡುವುದಿಲ್ಲ.

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಮನೆ ಬಾಟಲಿಯ ಹಿಂದೆ ಯಾರ ಕೈ ಇದೆ ಅಂತ ಮನೆಯವರಿಗೆ ಗೊತ್ತು. ಅಂಗಡಿ ಬಾಟಲಿಯ ಹಿಂದಿನ ಕೈ ಕಾಣುವುದಿಲ್ಲ.

ಜೆರ್ರಿ ಮಾಸ್ಲೊ ದಕ್ಷಿಣ ಆಫ್ರಿಕಾದವನು. ಕರಿಯರನ್ನು ತುಳಿಯುತ್ತಿದ್ದ ಸರ್ಕಾರದಿಂದ ತಪ್ಪಿಸಿಕೊಂಡು 1988ರಲ್ಲಿ ಇಟಲಿಗೆ ಬಂದ. ಯೂರೋಪಿನವನಲ್ಲ ಅಂತ ಆಶ್ರಯ ಸಿಗಲಿಲ್ಲ. ಹೊಟ್ಟೆಪಾಡಿಗೆ ನೇಪಲ್ಸ್ ಹತ್ತಿರದ ವಿಲ್ಲಾ ಲಿತೆರ್ನೊದಲ್ಲಿ ಟೊಮೆಟೊ ಕೀಳಲು ಹೋದ. 1989ರ ಆಗಸ್ಟ್ 24ರ ರಾತ್ರಿ, ಕೂಲಿಯವರು ಮಲಗಿದ್ದ ಶೆಡ್ಡಿಗೆ ದುಡ್ಡು ಕಸಿಯಲು ನುಗ್ಗಿದವರು ಅವನನ್ನು ಗುಂಡಿಟ್ಟು ಕೊಂದರು. ಅವನ ಅಂತ್ಯಕ್ರಿಯೆ ಇಟಲಿಯ ಟಿವಿಯಲ್ಲಿ ಬಂತು. ಅಕ್ಟೋಬರಿನಲ್ಲಿ ರೋಮ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಮರುವರ್ಷ ವಲಸೆ ಕಾನೂನು ಬದಲಾಯಿತು. ಟೊಮೆಟೊ ಕೀಳುವ ಕೆಲಸ ಬದಲಾಗಲಿಲ್ಲ.

ಅಲ್ಲಿಯೂ ಮೇಸ್ತ್ರಿಗಳಿದ್ದಾರೆ. 'ಕಪೊರಾಲೆ' ಅನ್ನುತ್ತಾರೆ. ಬೆಳಿಗ್ಗೆ ವ್ಯಾನಿಗೆ ತುಂಬಿಕೊಂಡು ಹೋಗುವುದು, ಕೂಲಿಯಲ್ಲಿ ತನ್ನ ಪಾಲು ಮುರಿದುಕೊಳ್ಳುವುದು, ವ್ಯಾನಿನ ಬಾಡಿಗೆ ಬೇರೆ. 300 ಕೆಜಿ ಹಿಡಿಯುವ ದೊಡ್ಡ ಪೆಟ್ಟಿಗೆ ತುಂಬಿದರೆ 3-4 ಯೂರೊ ಕೊಡುತ್ತಿದ್ದದ್ದು ಮತ್ತೆ ಮತ್ತೆ ವರದಿಯಾಗಿದೆ. 2016ರಲ್ಲಿ ಮೇಸ್ತ್ರಿಯ ಜೊತೆ ಜಮೀನು ಮಾಲೀಕನನ್ನೂ ಶಿಕ್ಷಿಸುವ ಕಾನೂನು ಬಂತು. ಎರಡು ವರ್ಷದ ನಂತರ, 2018ರ ಆಗಸ್ಟಿನಲ್ಲಿ, ಫೊಜ್ಜಾ ಸೀಮೆಯಲ್ಲಿ ಟೊಮೆಟೊ ಹೊಲದಿಂದ ವಾಪಸ್ ಬರುತ್ತಿದ್ದ ಎರಡು ವ್ಯಾನುಗಳು ಎರಡು ದಿನದ ಅಂತರದಲ್ಲಿ ಅಪಘಾತವಾಗಿ 16 ಮಂದಿ ಆಫ್ರಿಕಾದ ಕೂಲಿಯವರು ಸತ್ತರು.

ರೈತನನ್ನೊಬ್ಬನನ್ನೇ ಬೈದರೆ ಸಾಲದು. ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಕೆಲವು ಒಂದು ವಿಚಿತ್ರ ಹರಾಜು ನಡೆಸುತ್ತಿದ್ದವು. ನಮ್ಮ ಮಂಡಿಯಲ್ಲಿ ಹರಾಜು ಮೇಲೆ ಹೋಗುತ್ತದೆ. ಇದು ಕೆಳಗೆ ಇಳಿಯುವ ಹರಾಜು. ಸಾಸ್ ಕಂಪನಿಗಳೆಲ್ಲ ತಮ್ಮ ರೇಟ್ ಬರೆದು ಕಳಿಸಬೇಕು. ಅದರಲ್ಲಿ ಅತಿ ಕಡಿಮೆ ರೇಟನ್ನೇ ಎರಡನೇ ಸುತ್ತಿನ ಶುರು ಮಾಡಿ, ಇಂಟರ್ನೆಟ್ಟಿನಲ್ಲಿ ಅದಕ್ಕಿಂತ ಕೆಳಗೆ ಕೂಗಬೇಕು. ಗಿಡದಲ್ಲಿ ಹಣ್ಣು ಬರುವ ಮೊದಲೇ ಬಾಟಲಿಯ ಬೆಲೆ ನಿಂತುಬಿಡುತ್ತಿತ್ತು. ಆ ಬೆಲೆಗೆ ಹೊಂದಿಸಲು ಕಂಪನಿ ರೈತನನ್ನು ಹಿಂಡುತ್ತದೆ, ರೈತ ಕೂಲಿಯವನನ್ನು. 2021ರಲ್ಲಿ ಇಟಲಿ ಇಂಥ ಹರಾಜನ್ನು ನಿಷೇಧಿಸಿತು.

ಆದ್ದರಿಂದ ಅರಳಿಕಟ್ಟೆಯ ಮಾತಿಗೆ ನಾನು ಸೇರಿಸುವುದು ಒಂದೇ: ಫ್ಯಾಕ್ಟರಿ ಯಾರದು ಅಂತಲೂ ಕೇಳಬೇಕು. ಚಿರಿಯೊ ಕಟ್ಟಿದ ಹೆಸರು 2004ರಿಂದ ಕನ್ಸರ್ವೆ ಇತಾಲಿಯಾ ಎಂಬ ರೈತರ ಸಹಕಾರಿ ಒಕ್ಕೂಟದ ಕೈಯಲ್ಲಿದೆ. ಹಾಲಿಗೆ ನಮ್ಮಲ್ಲಿ ಡೇರಿ ಸಂಘಗಳು, ಒಕ್ಕೂಟ ಇದ್ದ ಹಾಗೆ. ಅದರಿಂದ ಎಲ್ಲ ಸರಿಹೋಯಿತು ಅಂತಲ್ಲ. ಆದರೆ ಹಣ್ಣು ಕೊಟ್ಟವನಿಗೆ ಬಾಟಲಿಯಲ್ಲೂ ಪಾಲಿರುತ್ತದೆ.

ಬಾಟಲಿಯ ಹಿಂದಿನ ಸಣ್ಣ ಅಕ್ಷರಕ್ಕೂ ಅಲ್ಲಿ ಜಗಳವಾಗಿದೆ. 1990ರ ದಶಕದ ನಂತರ ಚೀನಾದಿಂದ ಡ್ರಮ್ಮುಗಟ್ಟಲೆ ಟೊಮೆಟೊ ಪೇಸ್ಟ್ ಇಟಲಿಗೆ ಬಂದು, ನೀರು ಬೆರೆತು, ಇಟಲಿಯ ಡಬ್ಬಿಯಾಗಿ ಹೊರದೇಶಗಳಿಗೆ ಹೋಗತೊಡಗಿತ್ತು. ಈಗ ಅಲ್ಲಿ 'ಪಸ್ಸಾತಾ' ಅಂತ ಬರೆಯಬೇಕಾದರೆ ತಾಜಾ ಹಣ್ಣಿನಿಂದಲೇ ಮಾಡಿರಬೇಕು, ಪೇಸ್ಟಿಗೆ ನೀರು ಬೆರೆಸಿದ್ದು ನಡೆಯದು. 2006ರಿಂದ ಹಣ್ಣು ಎಲ್ಲಿಯದು ಅಂತಲೂ ಬರೆಯಬೇಕು. ನಮ್ಮ ದೇಶದಲ್ಲಿ ಪದಾರ್ಥಗಳನ್ನು ಹೆಚ್ಚಿರುವುದರಿಂದ ಕಡಿಮೆಯಿರುವುದರ ಕಡೆಗೆ ಸಾಲಾಗಿ ಬರೆಯಬೇಕೆಂಬ ನಿಯಮವಿದೆ. ಅಕ್ಕನ ಮಗಳು ಕೊನೆಗೂ ತಂದ ಬಾಟಲಿ ತಿರುಗಿಸಿ ಓದಿದೆವು. ಮೊದಲು ನೀರು, ಆಮೇಲೆ ಟೊಮೆಟೊ ಪೇಸ್ಟ್, ಅದರ ಹಿಂದೆಯೇ ಸಕ್ಕರೆ. ಅಮ್ಮ ಏನೂ ಅನ್ನಲಿಲ್ಲ. ಮಂಕರಿ ಎತ್ತಿಕೊಂಡು ಹೊಲಕ್ಕೆ ಹೋದರು.

ದಕ್ಷಿಣ ಇಟಲಿಯಿಂದ ಮಿಲಾನ್‌ನಂಥ ಉತ್ತರದ ಊರುಗಳಿಗೆ ಓದಲು, ಕೆಲಸಕ್ಕೆ ಹೋದ ಮಕ್ಕಳಿಗೆ ಈಗಲೂ ಊರಿಂದ ಪೆಟ್ಟಿಗೆ ಬರುತ್ತದೆ. ಬೆಂಗಳೂರಿನ ಪಿಜಿಗೆ ನಮ್ಮ ಮನೆಗಳಿಂದ ಉಪ್ಪಿನಕಾಯಿ ಡಬ್ಬ ಹೋಗುವ ಹಾಗೆ. ಹಳೇ ಪೇಪರ್ ಸುತ್ತಿದ ಟೊಮೆಟೊ ಬಾಟಲಿಗಳು ಅದರಲ್ಲಿರುತ್ತವೆ. ಖಾಲಿಯಾದ ಬಾಟಲಿಯನ್ನು ಎಸೆಯುವಂತಿಲ್ಲ. ರಜೆಗೆ ಬರುವಾಗ ವಾಪಸ್ ತರಬೇಕು, ಮುಂದಿನ ಆಗಸ್ಟಿಗೆ ಬೇಕು.